ಸರ್ ಎಂ.ವಿ. ಮತ್ತು ಮೈಸೂರಲ್ಲಿ ಹುಟ್ಟದೇ ಹೋದ ಕಾರು

ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಳೇ ಪ್ರೀಮಿಯರ್ ಪದ್ಮಿನಿಯ ಅಡಿಗೆ ಮಲಗಿದ್ವಿ. ಗೆಳೆಯನ ದೊಡ್ಡಪ್ಪನ ಕಾರು. ಶಿವಮೊಗ್ಗ ರೋಡಲ್ಲಿ ಸ್ವಲ್ಪ ಸ್ಪೀಡ್ ಹೋದರೂ ಇಂಜಿನ್ ಕೂಗುತ್ತೆ, ಹಿಂದಿನ ಆಕ್ಸಲ್‌ಗೆ ಬೇರೆ ಕ್ರೌನ್-ಪಿನಿಯನ್ ಹಾಕಿಸೋಣ್ವಾ ಅಂತ ಅವರ ಪ್ರಶ್ನೆ. ಬೇರೆಯದು ಹಾಕೋಕೆ ಮುಂಚೆ ಒಳಗಿರೋದು ಯಾವುದು ಅಂತ ಗೊತ್ತಾಗಬೇಕಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡನ್ನೂ ಎತ್ತಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಒಂದು ಚಕ್ರ ಅಲ್ಲಾಡದ ಹಾಗೆ ಹಿಡಿದು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದ್ವಿ. ಆಗ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತೋ ಅದೇ ಆಕ್ಸಲ್ ರೇಷಿಯೋ. ನಾಲ್ಕೂಕಾಲಿಗಿಂತ ಚೂರು ಜಾಸ್ತಿ ಬಂತು.

ಈ ಕಾರು ಮಾಡಿದ ಕಂಪನಿಯ ಬೇರು ಹುಡುಕುತ್ತಾ ಹೋದರೆ ಸಿಗೋದು ಸರ್ ಎಂ. ವಿಶ್ವೇಶ್ವರಯ್ಯ. ಸೆಪ್ಟೆಂಬರ್ 15 ಬಂದರೆ ನಾವು ಫೋಟೋಗೆ ಹಾರ ಹಾಕ್ತೀವಿ, ಕೆಆರ್‌ಎಸ್ ಅಂತೀವಿ, ಅಲ್ಲಿಗೆ ಮುಗೀತು. ಕಾರಿನ ಕತೆ ನಮಗೆ ಯಾರೂ ಹೇಳಿರಲಿಲ್ಲ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದವರು ಅವರು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ದಿವಾನಗಿರಿ ಯಾಕೆ ಬಿಟ್ಟರು ಅನ್ನೋದು ಬೇರೆಯೇ ಜಗಳ. ಹಿಂದುಳಿದವರ ಮೀಸಲಾತಿಯ ಆ ವಿಷಯದಲ್ಲಿ ನಾವು ಅವರ ಪಕ್ಷ ಅಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಮ್ಮ ಮಲೆನಾಡಿಗೆ ಹತ್ತಿರದ ಸಂಗತಿ. ಅದಿರು ಕೆಮ್ಮಣ್ಣುಗುಂಡಿಯದು, ಕುಲುಮೆಗೆ ಕಾಡಿನ ಮರದ ಇದ್ದಿಲು. ಕಾರ್ಖಾನೆ ನಷ್ಟದಲ್ಲಿದ್ದಾಗ, 1923ರಲ್ಲಿ, ಅದರ ಮಂಡಳಿಯ ಹೊಣೆ ಹೊತ್ತು ಮೇಲೆತ್ತಿದರು. ಆದರೆ ಕಬ್ಬಿಣ ಕರಗಿಸಿದರಷ್ಟೇ ಸಾಲದು, ಅದರಿಂದ ಯಂತ್ರ ಆಗಬೇಕು ಅನ್ನೋದು ಅವರ ಲೆಕ್ಕ. ಒಂದು ಕಾರು ಅಂದರೆ ಎರಕ, ಗೇರಿನ ಹಲ್ಲು ಕಡಿಯೋದು, ಬೇರಿಂಗು, ಸ್ಪ್ರಿಂಗು, ಟೈರು, ಪೇಂಟು. ಒಂದು ಫ್ಯಾಕ್ಟರಿ ನಿಂತರೆ ಸುತ್ತ ಹತ್ತು ಕಸುಬು ನಿಲ್ಲುತ್ತೆ.

1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ಕಾರು ಹೇಗೆ ತಯಾರಾಗುತ್ತೆ ಅಂತ ನೋಡೋಕೆ ಯೂರೋಪ್, ಅಮೆರಿಕಾಗೆ ಹೋದರು. (ನಮಗೆ ಇಂಡಸ್ಟ್ರಿಯಲ್ ವಿಸಿಟ್‌ಗೆ ಬೆಂಗಳೂರಿಗೆ ಹೋಗೋಕೇ ಬೇಜಾರು.) ಬಂದು ಯೋಜನೆ ಬರೆದರು. ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಬಂತು, 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರು ಸಂಸ್ಥಾನ ಕೈ ಜೋಡಿಸೋಕೆ ಮುಂದೆ ಬಂತು. ಬ್ರಿಟಿಷ್ ಭಾರತ ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಯುದ್ಧಕ್ಕೆ ಲಾರಿ ಬೇಕೇ ಬೇಕಿತ್ತು, ಆದರೆ ಇಲ್ಲಿನವರು ಇಲ್ಲೇ ಮಾಡೋದು ಬೇಡವಾಗಿತ್ತು. ಇದನ್ನ ಓದಿದಾಗ ನಮಗೆ ನಿಜಕ್ಕೂ ಸಿಟ್ಟು ಬಂತು.

ಯೋಜನೆಯನ್ನು ಕೈಗೆತ್ತಿಕೊಂಡಿದ್ದ ವಾಲ್‌ಚಂದ್ ಹೀರಾಚಂದ್ ಕೊನೆಗೆ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರು ಮಾಡಿದರು. ಅಮೆರಿಕಾದ ಕ್ರೈಸ್ಲರ್ ಜೊತೆ ಒಪ್ಪಂದ. 1947ರಲ್ಲಿ ಮೊದಲ ಗಾಡಿಗಳು ಹೊರಬಂದಾಗ ಸರ್ ಎಂ.ವಿ.ಗೆ ಎಂಬತ್ತೈದು. ಮೊದಮೊದಲು ಹೊರಗಿಂದ ಬಂದ ಭಾಗಗಳ ಜೋಡಣೆ ಅಷ್ಟೇ. ಇಟಲಿಯ ಫಿಯೆಟ್ 1100 ಬಂದಮೇಲೆ ಒಂದೊಂದೇ ಭಾಗ ಇಲ್ಲೇ ಆಗತೊಡಗಿತು. ಅದೇ ಫಿಯೆಟ್‌ಗೆ 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸರು. ಅದನ್ನ ನೋಡೋಕೆ ಅವರಿರಲಿಲ್ಲ. 1955ರಲ್ಲಿ ಭಾರತರತ್ನ ಪಡೆದು, 1962ರ ಏಪ್ರಿಲ್ 14ರಂದು, ನೂರು ತುಂಬಿದ ಮೇಲೆ ತೀರಿಕೊಂಡಿದ್ದರು.

ನಗರದ ಕಾರಿಗೆ ಏನು ಮಾಡಿದ್ವಿ? ರೇಷಿಯೋ ಕಡಿಮೆ ಇರೋ ಜೋಡಿ ಹಾಕಿದರೆ ಸಪಾಟು ರಸ್ತೇಲಿ ಇಂಜಿನ್ ತಣ್ಣಗೆ ಓಡುತ್ತೆ, ನಿಜ. ಆದರೆ ಚಕ್ರಕ್ಕೆ ಸಿಗೋ ಟಾರ್ಕ್ ಅಷ್ಟೇ ಪಾಲು ಇಳಿಯುತ್ತೆ. ದೊಡ್ಡಪ್ಪ ತಿಂಗಳಿಗೆರಡು ಸಲ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗೋರು. ವಾಪಸ್ ಹತ್ತಬೇಕಲ್ಲ, ಅದೂ ಮಳೇಲಿ, ನಾಲ್ಕು ಜನ ಕೂತು. ಲೆಕ್ಕ ಹಾಕಿ ತೋರಿಸಿದ ಮೇಲೆ ಅವರೇ ಬೇಡ ಅಂದರು. ಸೋರುತ್ತಿದ್ದ ಸೀಲ್ ಬದಲಿಸಿ, ಹೊಸ ಗೇರ್ ಆಯಿಲ್ ತುಂಬಿ, ಹಳೇ ಕ್ರೌನ್-ಪಿನಿಯನ್ನನ್ನೇ ಬಿಟ್ಟು ಎದ್ದು ಬಂದ್ವಿ.