ಬಯೋಸ್ ಕೊಟ್ಟ ಮೇಷ್ಟ್ರು

ಬಯೋಸ್ ಅನ್ನೋ ಹೆಸರು ನಮಗೆಲ್ಲ ಗೊತ್ತು. ಆ ಹೆಸರಿಟ್ಟ ಗ್ಯಾರಿ ಕಿಲ್ಡಾಲ್ ಎಷ್ಟು ಜನಕ್ಕೆ ಗೊತ್ತು?

1942ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಇವರು ಮಾಂಟೆರೆಯ ನೌಕಾಪಡೆ ಕಾಲೇಜಿನಲ್ಲಿ ಮೇಷ್ಟ್ರು. 1974ರಲ್ಲಿ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಮ್ ಬರೆದರು. ಆಗ ಒಂದೊಂದು ಕಂಪನಿಯ ಫ್ಲಾಪಿ ಡ್ರೈವ್ ಒಂದೊಂದು ಥರ. ಪ್ರತಿ ಯಂತ್ರಕ್ಕೂ ಕೋಡ್ ತಿದ್ದಿ ಸಾಕಾಗಿ, ಹಾರ್ಡ್‌ವೇರ್ ಕೆಲಸವನ್ನೆಲ್ಲ ಬಯೋಸ್ ಅನ್ನೋ ಬೇರೆ ಪದರಕ್ಕೆ ಹಾಕಿದರು. ಯಂತ್ರ ಯಾವುದಾದರೂ ಪ್ರೋಗ್ರಾಂ ಅದೇ ನಡೀತಿತ್ತು.

ಆದರೆ ಪದರ ಬಂದರೆ ವೇಗ ತಗ್ಗುತ್ತೆ. ಸಿಪಿ/ಎಂ ಫೈಲನ್ನು 128 ಬೈಟ್‌ನ ತುಂಡುಗಳಾಗಿ ಓದಿ ಬರೆಯುತ್ತಿತ್ತು. ಡಿಸ್ಕ್‌ನ ಸೆಕ್ಟರ್ 512 ಬೈಟ್ ಆದರೆ, ಒಂದು ತುಂಡು ಬರೆಯೋಕೆ ಇಡೀ ಸೆಕ್ಟರ್ ಓದಿ, ತಿದ್ದಿ, ವಾಪಸ್ ಬರೀಬೇಕು. ಎರಡನೇ ಆವೃತ್ತಿಯಲ್ಲಿ ಇದಕ್ಕೆ ದಾರಿ ಸಿಕ್ಕಿತು. ಸೆಕ್ಟರನ್ನು ಮೆಮೊರಿಯಲ್ಲೇ ಇಟ್ಕೊಂಡು ನಾಲ್ಕೂ ತುಂಡು ಮುಗಿಸೋದು. ಬ್ಲಾಕ್ ಹೊಸದಾದರೆ ಬಯೋಸ್‌ಗೆ ಮೊದಲೇ ತಿಳಿಸೋದು, ಆಗ ಹಳೇದನ್ನು ಓದೋ ಕೆಲಸವೇ ಇಲ್ಲ.

1994ರಲ್ಲಿ, 52ನೇ ವಯಸ್ಸಿಗೆ ಕಿಲ್ಡಾಲ್ ತೀರಿಕೊಂಡರು. ಐಬಿಎಂ ಅವಕಾಶ ಕಳ್ಕೊಂಡವರು ಅಂತಲೇ ಜನ ನೆನೀತಾರೆ. ಒಬ್ಬರು ಬರೆದ ಪ್ರೋಗ್ರಾಂ ಎಲ್ಲರ ಯಂತ್ರದಲ್ಲೂ ಓಡೋ ಹಾಗೆ ಮಾಡಿದವರು ಅಂತ ನಾವಾದರೂ ನೆನೆಯೋಣ.