ಔಷಧಿ ಡಬ್ಬಿಯಲ್ಲಿ ಬಂದ ಹರಳು

ಲ್ಯಾಬ್‌ನಲ್ಲಿ ಡಯೋಡ್ ಸುಟ್ಟುಹೋದರೆ ನಾವು ಏನು ಮಾಡ್ತೀವಿ? ಹೋಗಿ ಇನ್ನೊಂದು ಕೇಳ್ತೀವಿ ಅಷ್ಟೇ. ಅದರೊಳಗಿನ ಸಿಲಿಕಾನ್ ಹರಳನ್ನು ಯಾರು ಬೆಳೆಸಿದರು ಅಂತ ಯೋಚಿಸೋದೇ ಇಲ್ಲ. ಚೀನಾದಲ್ಲಿ ಅದನ್ನು ಮೊದಲು ಬೆಳೆಸಿದ ತಂಡದ ಮುಂದಾಳು ಲಿನ್ ಲಾನ್‌ಯಿಂಗ್ ಎಂಬ ಮಹಿಳೆ.

ಅವರು ಹುಟ್ಟಿದ್ದು 1918ರಲ್ಲಿ, ಫೂಜಿಯನ್ ಪ್ರಾಂತ್ಯದ ಪುಟಿಯಾನ್‌ನಲ್ಲಿ. ಹೆಣ್ಣುಮಕ್ಕಳಿಗೆ ಓದು ಯಾಕೆ ಅನ್ನೋ ಮನೆ ಅದು. ಆರು ವರ್ಷದ ಲಿನ್ ಕೋಣೆಯ ಬಾಗಿಲು ಹಾಕಿಕೊಂಡು, ಶಾಲೆಗೆ ಕಳಿಸೋವರೆಗೂ ಊಟ ಬೇಡ ಅಂತ ಹಟ ಹಿಡಿದಳು. ಕೊನೆಗೆ ಅಮ್ಮನೇ ಸೋತರು.

1940ರಲ್ಲಿ ಫಿಸಿಕ್ಸ್ ಪದವಿ ಮುಗಿಸಿ, ಓದಿದ ಕಾಲೇಜಿನಲ್ಲೇ ಎಂಟು ವರ್ಷ ಪಾಠ ಮಾಡಿದರು. ಮೂವತ್ತನೇ ವಯಸ್ಸಿನಲ್ಲಿ ಅಮೆರಿಕಾಗೆ ಹೋಗಿ ಮತ್ತೆ ವಿದ್ಯಾರ್ಥಿನಿಯಾದರು. ಡಿಕಿನ್ಸನ್ ಕಾಲೇಜಿನಲ್ಲಿ ಗಣಿತ ಓದಿ, 1955ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಸಾಲಿಡ್ ಸ್ಟೇಟ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಪಡೆದರು. ಆಮೇಲೆ ಸಿಲ್ವೇನಿಯಾ ಕಂಪನಿಯಲ್ಲಿ ಸಿಲಿಕಾನ್ ಮೇಲೆ ಕೆಲಸ. ಆರಾಮಾಗಿ ಅಲ್ಲೇ ಇರಬಹುದಿತ್ತು.

ಆದರೆ 1957ರ ಜನವರಿಯಲ್ಲಿ ವಾಪಸ್ ಹೊರಟರು. ಅಮೆರಿಕಾ ಬಿಡುವಾಗ ಅಧಿಕಾರಿಗಳು ಸಾಮಾನು ಶೋಧಿಸಿ, ಕೂಡಿಟ್ಟಿದ್ದ 6,800 ಡಾಲರ್ ಹಿಡಿದಿಟ್ಟುಕೊಂಡರು. ಅವರ ಕೈಯಲ್ಲಿದ್ದ ಔಷಧಿ ಡಬ್ಬಿ ಮಾತ್ರ ಹಾಗೇ ದಾಟಿತು. ಅದರಲ್ಲಿ ಇದ್ದದ್ದು ಜರ್ಮೇನಿಯಂ ಮತ್ತು ಸಿಲಿಕಾನ್ ಹರಳುಗಳು.

ಹರಳು ಬೆಳೆಸೋದು ಸುಲಭ ಅಲ್ಲ. ಸಿಲಿಕಾನ್ ಕರಗೋಕೆ ಸುಮಾರು 1,414 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದ ದ್ರವಕ್ಕೆ ಒಂದು ಪುಟ್ಟ ಬೀಜದ ಹರಳನ್ನು ತಾಗಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲಕ್ಕೆ ಎಳೀಬೇಕು. ಆಗ ಪರಮಾಣುಗಳು ಬೀಜದ ಜೋಡಣೆಯನ್ನೇ ಅನುಸರಿಸಿ ಸಾಲಾಗಿ ಕೂರುತ್ತವೆ. ಸ್ವಲ್ಪ ಕಲ್ಮಶ ಸೇರಿದರೂ ಕೆಲಸ ಕೆಟ್ಟಂತೆ. ಪಶ್ಚಿಮದ ದೇಶಗಳು ಚೀನಾಕ್ಕೆ ಇದರ ಯಂತ್ರಗಳನ್ನು ಮಾರುತ್ತಿರಲಿಲ್ಲ. ಹಾಗಿದ್ದೂ ಲಿನ್ ತಂಡ 1957ರಲ್ಲೇ ಜರ್ಮೇನಿಯಂ, 1958ರಲ್ಲಿ ಸಿಲಿಕಾನ್, 1962ರಲ್ಲಿ ಗ್ಯಾಲಿಯಂ ಆರ್ಸೆನೈಡ್ ಹರಳು ಬೆಳೆಸಿತು.

ಅಲ್ಲಿಗೆ ನಿಲ್ಲಲಿಲ್ಲ. ಭೂಮಿಯ ಮೇಲೆ ಗುರುತ್ವದಿಂದಾಗಿ ಕರಗಿದ ದ್ರವದಲ್ಲಿ ಸುಳಿ ಏಳುತ್ತದೆ, ಹರಳಿನಲ್ಲಿ ದೋಷ ಉಳಿಯುತ್ತದೆ. ಹಾಗಾದರೆ ಬಾಹ್ಯಾಕಾಶದಲ್ಲೇ ಬೆಳೆಸಿ ನೋಡೋಣ ಅಂತ ಹೊರಟರು. 1987ರಲ್ಲಿ ಉಪಗ್ರಹದೊಳಗೆ ಗ್ಯಾಲಿಯಂ ಆರ್ಸೆನೈಡ್ ಬೆಳೆಸಿ ಭೂಮಿಗೆ ತಂದರು. ಆಗ ಲಿನ್‌ಗೆ 69 ವರ್ಷ! ಮದುವೆಯಾಗದೆ, ಕೊನೆವರೆಗೂ ಈ ಕೆಲಸದಲ್ಲೇ ಇದ್ದ ಅವರು 2003ರಲ್ಲಿ ತೀರಿಕೊಂಡರು.

ನಮ್ಮಲ್ಲೂ ಎಷ್ಟೋ ಜನ ಎಂಎಸ್ ಕನಸು ಕಾಣ್ತಿದ್ದೀವಿ. ವಾಪಸ್ ಬರಬೇಕೋ ಬೇಡವೋ ಅನ್ನೋದು ಅವರವರಿಗೆ ಬಿಟ್ಟ ವಿಷಯ. ಆದರೆ ಹೋಗೋ ಮುಂಚೆ ನಾವೇ ಕೇಳಿಕೊಳ್ಳೋಣ: ಹಣ ಎಲ್ಲಾ ಹೋದರೂ ಮತ್ತೆ ಮೊದಲಿಂದ ಶುರು ಮಾಡುವಷ್ಟು ಗಟ್ಟಿಯಾಗಿ ನಾವು ಏನನ್ನಾದರೂ ಕಲಿತಿದ್ದೀವಾ? ಹರಳು ಎಳೆಯುವ ಡಯಾಗ್ರಾಮ್ ನಮ್ಮ ನೋಟ್ಸ್‌ನಲ್ಲೂ ಇದೆ. ಮಾರ್ಕ್ಸ್‌ಗೆ ಅಂತ ಬರೆದು ಪುಟ ತಿರುಗಿಸಿದ್ವಿ. ಈ ಸಲ ಆ ಪುಟಾನ ಇನ್ನೊಮ್ಮೆ ನಿಧಾನವಾಗಿ ಓದ್ತೀವಿ.