ರಕ್ತದ ಗುಂಪುಗಳನ್ನು ಕಂಡ ಲ್ಯಾಂಡ್‌ಸ್ಟೈನರ್

ಜೂನ್ 14ನ್ನು ಜಗತ್ತು 2004ರಿಂದ ರಕ್ತದಾನಿಗಳ ದಿನವೆಂದು ಆಚರಿಸುತ್ತಿದೆ. ಅದು ಡಾ. ಕಾರ್ಲ್ ಲ್ಯಾಂಡ್‌ಸ್ಟೈನರರ ಜನ್ಮದಿನ. ನಮ್ಮ ಹೋಟೆಲು ಕಾರ್ಮಿಕರೂ ಗುಮಾಸ್ತ ಬಂಧುಗಳೂ ಆಸ್ಪತ್ರೆಯಲ್ಲಿ ನಿರ್ಭಯವಾಗಿ ಪರರ ರಕ್ತವನ್ನು ಪಡೆಯಬಲ್ಲರಾದರೆ ಅದಕ್ಕೆ ಈ ಮಹನೀಯರೇ ಮೂಲಕಾರಣರು.

ಅವರು 1868ರಲ್ಲಿ ವಿಯೆನ್ನಾದ ಸಮೀಪ ಜನಿಸಿದರು. ತಂದೆ ಹೆಸರಾಂತ ಪತ್ರಕರ್ತರು. ಮಗನಿಗೆ ಆರು ವರ್ಷವಾದಾಗಲೇ ಅವರು ತೀರಿಕೊಳ್ಳಲು, ತಾಯಿಯೇ ಸಾಕಿ ಸಲಹಿದರು. 1891ರಲ್ಲಿ ವೈದ್ಯ ಪದವಿಯನ್ನು ಪಡೆದ ಲ್ಯಾಂಡ್‌ಸ್ಟೈನರರು ಪ್ರಯೋಗಶಾಲೆಗೆ ತಮ್ಮನ್ನು ಒಪ್ಪಿಸಿಕೊಂಡರು. ಆ ಕಾಲದಲ್ಲಿ ಪರರ ರಕ್ತವನ್ನು ಪಡೆದವರಲ್ಲಿ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು, ಕಾರಣವು ತಿಳಿದಿರಲಿಲ್ಲ. ಅವರು ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನೇ ತೆಗೆದು, ಒಬ್ಬರ ರಕ್ತಕಣಗಳನ್ನು ಮತ್ತೊಬ್ಬರ ರಕ್ತದ್ರವದೊಡನೆ ಬೆರೆಸಿ ನೋಡಿದರು. ಕೆಲವು ಗಂಟುಕಟ್ಟಿದವು, ಕೆಲವು ಕಟ್ಟಲಿಲ್ಲ. 1901ರಲ್ಲಿ ಮೂರು ಗುಂಪುಗಳನ್ನು ಪ್ರಕಟಿಸಿದರು. ಇಂದು ಅವುಗಳನ್ನು ಎ, ಬಿ, ಓ ಎನ್ನುತ್ತೇವೆ. ಮರುವರ್ಷ ಅವರ ಜೊತೆಗಾರರು ಎಬಿ ಗುಂಪನ್ನು ಕಂಡರು.

ಮೊದಲನೆಯ ಮಹಾಯುದ್ಧದ ತರುವಾಯ ದೇಶವನ್ನು ಬಿಟ್ಟು, 1919ರಲ್ಲಿ ಹಾಲೆಂಡಿಗೂ 1923ರಲ್ಲಿ ನ್ಯೂಯಾರ್ಕಿಗೂ ತೆರಳಿದರು. 1930ರಲ್ಲಿ ನೊಬೆಲ್ ಬಹುಮಾನ ಬಂದಿತು. 1943ರ ಜೂನ್ ತಿಂಗಳಲ್ಲಿ ಪ್ರಯೋಗಶಾಲೆಯಲ್ಲಿಯೇ ಹೃದಯಾಘಾತವಾಗಿ, ಎರಡು ದಿನಗಳಲ್ಲಿ ನಿಧನರಾದರು.

ಈ ಗುಂಪುಗಳು ವಂಶಪಾರಂಪರ್ಯವಾಗಿ ಬರುವುದನ್ನು ಇತರ ಪಂಡಿತರು ಸಿದ್ಧಪಡಿಸಿದರು. ಪ್ರತಿಯೊಬ್ಬರಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆ. ಎ ಅಥವಾ ಬಿ ಜೊತೆಯಲ್ಲಿದ್ದರೆ ಓ ಮರೆಯಾಗುವುದು. ಇಂಗ್ಲೆಂಡಿನ ಪನೆಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಚೌಕದಲ್ಲಿ ತಂದೆಯ ಎರಡು ಅಂಶಗಳನ್ನು ಮೇಲೂ ತಾಯಿಯ ಎರಡನ್ನು ಪಕ್ಕದಲ್ಲೂ ಬರೆದು, ನಾಲ್ಕು ಮನೆಗಳನ್ನು ತುಂಬಬೇಕು. ತಂದೆಯಲ್ಲಿ ಎ ಮತ್ತು ಓ, ತಾಯಿಯಲ್ಲಿ ಬಿ ಮತ್ತು ಓ ಇದ್ದರೆ, ಮಗುವು ಎಬಿ, ಎ, ಬಿ, ಓ ಆಗಲು ತಲಾ ನಾಲ್ಕರಲ್ಲಿ ಒಂದು ಅವಕಾಶ. ಇಬ್ಬರೂ ಓ ಆದರೆ ನಾಲ್ಕು ಮನೆಗಳಲ್ಲಿಯೂ ಓ.

ಹಾಗಾದರೆ ಓ ದಂಪತಿಗಳಿಗೆ ಬಿ ಗುಂಪಿನ ಮಗು ಜನಿಸಿದಲ್ಲಿ ಪತಿಯು ಪತ್ನಿಯ ಶೀಲವನ್ನು ಶಂಕಿಸಬಹುದೇ? ಖಂಡಿತ ಕೂಡದು. ಇದಕ್ಕೆ ಉತ್ತರವು ನಮ್ಮ ಮುಂಬಯಿಯಲ್ಲಿಯೇ ದೊರೆಯಿತು. 1952ರಲ್ಲಿ ಇಲ್ಲಿನ ಡಾ. ಭೆಂಡೆಯವರೂ ಅವರ ಸಂಗಡಿಗರೂ ಓ ರಕ್ತವೂ ಒಗ್ಗದ ಹೊಸ ಗುಂಪೊಂದನ್ನು ಪ್ರಕಟಿಸಿದರು. ಅದೇ ಬಾಂಬೆ ಗುಂಪು. ಎ, ಬಿ ಗುಣಗಳು ಎಚ್ ಎಂಬ ತಳಹದಿಯ ಮೇಲೆ ನಿಲ್ಲುತ್ತವೆ. ದೋಸೆಯೇ ಇಲ್ಲದಿದ್ದರೆ ಪಲ್ಯವನ್ನು ಎಲ್ಲಿಡುವುದು? ಈ ಗುಂಪಿನವರಲ್ಲಿ ಎಚ್ ಇಲ್ಲದಿರುವುದರಿಂದ, ಬಿ ಅಂಶವಿದ್ದರೂ ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ತೋರುವರು. ಮಗುವಿಗೆ ಇನ್ನೊಬ್ಬರಿಂದ ಎಚ್ ಬಂದಾಗ, ಅಡಗಿದ್ದ ಬಿ ಹೊರಬೀಳುವುದು.

ಭಾರತದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರು ಈ ಗುಂಪಿನವರು. ಇವರಿಗೆ ತಮ್ಮ ಗುಂಪಿನ ರಕ್ತವೇ ಆಗಬೇಕು. ಆದುದರಿಂದ ಸಂಶಯ ಬಂದಲ್ಲಿ ಮನೆಯಲ್ಲಿ ಕಲಹ ಬೇಡ. ಎಚ್ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಬಾಂಬೆ ಗುಂಪೆಂದು ತಿಳಿದವರು ರಕ್ತನಿಧಿಯಲ್ಲಿ ಹೆಸರನ್ನು ಬರೆಸಿ, ಒಡಹುಟ್ಟಿದವರನ್ನೂ ಪರೀಕ್ಷೆಗೆ ಕರೆತರಬೇಕು. ಎಚ್ ಉಳ್ಳ ತಂದೆತಾಯಿಗಳಿಗೆ ಅಂತಹ ಒಂದು ಮಗು ಜನಿಸಿದ್ದರೆ, ಅದೇ ಚೌಕದ ಪ್ರಕಾರ, ಉಳಿದ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಅವಕಾಶವುಂಟು.